ಅರ್ಧ ಆಟಕ್ಕೆ ಖಾತೆ ಮುಚ್ಚಬೇಡಿ

ಮಕ್ಕಳೇ, ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಒದೆಯಬಹುದು, ಮುಷ್ಟಿಯಿಂದ ಗುದ್ದಿ ದಾಟಿಸಬಹುದು, ಎಸೆಯುವಂತಿಲ್ಲ. ಒಂದು ಗೋಲಿಗೆ 6 ಪಾಯಿಂಟ್.

ರಾನ್ ಬರಾಸಿ ಐದು ವರ್ಷದವರಿದ್ದಾಗಲೇ ತಂದೆ ಯುದ್ಧದಲ್ಲಿ ತೀರಿಕೊಂಡರು. ದೊಡ್ಡವರಾಗಿ, ತಂದೆ ಆಡಿದ ಮೆಲ್ಬರ್ನ್ ತಂಡಕ್ಕೇ ಆಡಿ ಆರು ಬಾರಿ ಚಾಂಪಿಯನ್ ಆದರು. ಮುಂದೆ ಕಾರ್ಲ್ಟನ್ ತಂಡಕ್ಕೆ ಕೋಚ್.

1970ರ ಫೈನಲ್. ಅರ್ಧ ಆಟಕ್ಕೆ ಕಾರ್ಲ್ಟನ್, ಎದುರಾಳಿ ಕಾಲಿಂಗ್‌ವುಡ್‌ಗಿಂತ 44 ಪಾಯಿಂಟ್ ಹಿಂದೆ! ಬರಾಸಿ ಆಟದ ಕ್ರಮವನ್ನೇ ಬದಲಿಸಿದರು: ಗುದ್ದಿ ದಾಟಿಸಿ, ಮುನ್ನುಗ್ಗಿ ಎಂದರು. ಹೊರಗೆ ಕೂತಿದ್ದ ಟೆಡ್ ಹಾಪ್ಕಿನ್ಸ್‌ನನ್ನು ಕಣಕ್ಕಿಳಿಸಿದರು. ಅವನು 4 ಗೋಲು ಹೊಡೆದ. ಕಾರ್ಲ್ಟನ್ 10 ಪಾಯಿಂಟ್‌ಗಳಿಂದ ಗೆದ್ದಿತು.

ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು, ಹೇಳುತ್ತೇನೆ ಕೇಳಿ. ಅರ್ಧವಾರ್ಷಿಕ ಅಂಕಪಟ್ಟಿ ಹಿಡಿದು ಮಂಕಾಗಿರುವ ಅಪ್ಪ-ಅಮ್ಮಂದಿರೇ, ವರ್ಷದ ಲೆಕ್ಕ ಇನ್ನೂ ಮುಗಿದಿಲ್ಲ. ಮಗುವನ್ನು ಬೈಯುವ ಬದಲು ಓದುವ ಕ್ರಮ ಬದಲಿಸಿ ನೋಡಿ.