ಅಂಗನವಾಡಿ ಮಗು, ಎಲ್‌ಕೆಜಿ ಮಗು: ಅಂತರದ ಲೆಕ್ಕ ಇಟ್ಟವರು ಯಾರು?

ಒಂದನೇ ತರಗತಿಗೆ ಸೇರುವ ದಿನ ಎಲ್ಲ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಆದರೆ ಅಷ್ಟರಲ್ಲಾಗಲೇ ಒಂದು ಮಗು ಎಲ್‌ಕೆಜಿ, ಯುಕೆಜಿ ಮುಗಿಸಿರುತ್ತದೆ, ಇನ್ನೊಂದು ಅಂಗನವಾಡಿಯಿಂದ ಬಂದಿರುತ್ತದೆ, ಮತ್ತೊಂದು ಎಲ್ಲಿಗೂ ಹೋಗಿರುವುದಿಲ್ಲ. ಇವರ ನಡುವಿನ ಕಲಿಕೆಯ ಅಂತರ ಎಷ್ಟು ಎಂಬುದಕ್ಕೆ ಒಂದೇ ಕಡೆ ಉತ್ತರ ಸಿಗುವುದಿಲ್ಲ.

ಕಾರಣ ಸರಳ. ಅಂಗನವಾಡಿ ಮಕ್ಕಳ ಲೆಕ್ಕ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ್ದು. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಮುಖ್ಯವಾಗಿ ತೂಕ, ಎತ್ತರ, ಆಹಾರದ ಮಾಹಿತಿ ಇಡುತ್ತದೆ. ಶಾಲೆಗಳ ಪೂರ್ವ ಪ್ರಾಥಮಿಕ ತರಗತಿಗಳ ಲೆಕ್ಕ ಶಿಕ್ಷಣ ಸಚಿವಾಲಯದ ಯುಡೈಸ್ ಪ್ಲಸ್‌ನಲ್ಲಿದೆ. ಗಲ್ಲಿಯ ಎಷ್ಟೋ ಪ್ಲೇ ಹೋಮ್‌ಗಳು ಎರಡರಲ್ಲೂ ಇಲ್ಲ.

2019ರ ಸಮೀಕ್ಷೆ ತೋರಿಸಿದ್ದೇನು?

24 ರಾಜ್ಯಗಳ 26 ಗ್ರಾಮೀಣ ಜಿಲ್ಲೆಗಳಲ್ಲಿ 'ಅಸರ್' ತಂಡ 4ರಿಂದ 8 ವರ್ಷದ ಮಕ್ಕಳ ಮನೆಗೇ ಹೋಗಿತ್ತು. ವಸ್ತು ವಿಂಗಡಿಸುವುದು, ಚಿತ್ರದಲ್ಲಿ ಏನಿದೆ ಎಂದು ಹೇಳುವುದು, ಎಣಿಸುವುದು ಮುಂತಾದ ಸಣ್ಣ ಚಟುವಟಿಕೆ ಮಾಡಿಸಿತ್ತು. ಶೇ 90ಕ್ಕೂ ಹೆಚ್ಚು ಮಕ್ಕಳು ಎಲ್ಲಾದರೂ ದಾಖಲಾಗಿದ್ದರು. ಅಷ್ಟೇ ನೋಡಿದರೆ ಸಮಸ್ಯೆಯೇ ಇಲ್ಲ ಎನಿಸುತ್ತದೆ.

ಆದರೆ 4–5 ವರ್ಷದವರಲ್ಲಿ ಸರ್ಕಾರಿ ಕೇಂದ್ರ ಅಥವಾ ಶಾಲೆಯಲ್ಲಿದ್ದ ಹೆಣ್ಣುಮಕ್ಕಳು ಶೇ 56.8, ಗಂಡುಮಕ್ಕಳು ಶೇ 50.4. 6–8 ವರ್ಷಕ್ಕೆ ಇದು ಶೇ 61.1 ಮತ್ತು ಶೇ 52.1 ಆಯಿತು. ಖಾಸಗಿ ಶಾಲೆಯೆಂದರೆ ಒಳ್ಳೆಯ ಕಲಿಕೆ ಎಂದೇನೂ ಅಲ್ಲ. ಆದರೆ ಮನೆಯವರು ಯಾರಿಗಾಗಿ ಶುಲ್ಕ ಕಟ್ಟುತ್ತಾರೆ ಎಂಬುದು ಇಲ್ಲಿ ಕಾಣುತ್ತದೆ. ಹೆಚ್ಚು ಓದಿದ ತಾಯಂದಿರ ಮಕ್ಕಳು ಖಾಸಗಿ ಎಲ್‌ಕೆಜಿಯತ್ತ ವಾಲುವುದನ್ನೂ ಸಮೀಕ್ಷೆ ಗುರುತಿಸಿತ್ತು.

ಅಳತೆಯಲ್ಲೂ ತೊಡಕು

ಈ ವಯಸ್ಸಿನಲ್ಲಿ ಆರು ತಿಂಗಳ ವ್ಯತ್ಯಾಸವೂ ದೊಡ್ಡದು. ಐದು ವರ್ಷದ ಮಗುವನ್ನು ಏಳು ವರ್ಷದ ಸಹಪಾಠಿಯೊಂದಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಭಾಷೆಯದ್ದು ಇನ್ನೊಂದು ಸಮಸ್ಯೆ. ಮುಂಬೈ, ಪುಣೆಯ ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ ಕಡೆಯಿಂದ ವಲಸೆ ಹೋದ ಕುಟುಂಬದ ಮಗುವಿಗೆ ಮರಾಠಿಯಲ್ಲಿ ಚಿತ್ರ ತೋರಿಸಿ ಕೇಳಿದರೆ ಅದು ಸುಮ್ಮನಾಗಬಹುದು. ಕನ್ನಡದಲ್ಲಿ ಕೇಳಿದರೆ ಪಟಪಟ ಹೇಳೀತು. ಗ್ರಾಮೀಣ ಸಮೀಕ್ಷೆಯಲ್ಲಿ ನಗರದ ಇಂಥ ಮಕ್ಕಳು ಲೆಕ್ಕಕ್ಕೇ ಬರುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರೊಳಗೆ ಎಲ್ಲ ಮಕ್ಕಳಿಗೂ ಗುಣಮಟ್ಟದ ಶಾಲಾಪೂರ್ವ ಶಿಕ್ಷಣದ ಗುರಿ ಇಟ್ಟಿದೆ. ಹಾಜರಿ ಪುಸ್ತಕ ನೋಡಿ ಗುರಿ ಮುಟ್ಟಿದೆವು ಎನ್ನುವುದು ಸುಲಭ. ಎರಡೂ ಸಚಿವಾಲಯಗಳ ಲೆಕ್ಕ ಒಂದೆಡೆ ಸೇರಿ, ಮಗುವಿನ ವಯಸ್ಸು, ಮನೆಭಾಷೆ, ತಾಯಿಯ ಓದು ದಾಖಲಾದಾಗ ಮಾತ್ರ ಅಂತರ ಕಾಣುತ್ತದೆ. ಆ ಅಳತೆ ನಾಲ್ಕು ವರ್ಷದ ಮಗುವಿಗೆ ಪರೀಕ್ಷೆಯಾಗಬಾರದು. ಯಾವ ಕೇಂದ್ರಕ್ಕೆ ಇನ್ನೊಬ್ಬ ಶಿಕ್ಷಕಿ ಬೇಕು ಎಂದು ಸರ್ಕಾರಕ್ಕೆ ಹೇಳುವಂತಿರಬೇಕು.