ರಂಗವಲ್ಲಿಯೂ ಅಂಟುಹಾಳೆಯೂ

ಬಾಳಿಕೆ ಬಾರದುದು ಕಲೆಯಲ್ಲವೆಂದು ವಾದಿಸುವವರು ವಿದ್ಯಾವಂತರಲ್ಲಿಯೂ ಕಡಮೆಯಿಲ್ಲ. ಬೇಲೂರಿನ ಶಿಲೆ ಅವರಿಗೆ ಕಲೆ. ಮನೆಯ ಮುಂದಣ ರಂಗವಲ್ಲಿಯಾದರೋ ಬರಿಯ ಮನೆಗೆಲಸ. ಈ ಎಣಿಕೆಯ ಫಲವಾಗಿಯೇ ಇಂದು ಎಷ್ಟೋ ಹೊಸ್ತಿಲುಗಳಿಗೆ ಪ್ಲಾಸ್ಟಿಕ್ಕಿನ ಅಂಟುರಂಗೋಲಿಯೂ ಬಾಗಿಲುಗಳಿಗೆ ಪ್ಲಾಸ್ಟಿಕ್ಕಿನ ಮಾವಿನೆಲೆಯ ತೋರಣವೂ ಬಂದಿವೆ. ಅಳಿಯದಿರುವುದೂ ಬಾಡದಿರುವುದೂ ಇವುಗಳ ಗುಣವೆಂದು ಹೊಗಳುವರು. ವಿಚಾರಿಸಿ ನೋಡಿದರೆ ಅದೇ ಇವುಗಳ ದೋಷವು.

ಹಿಟ್ಟಿನ ಎಳೆ ಅಳಿಯುವುದರಿಂದಲೇ ಮರುದಿನ ಬೆಳಗ್ಗೆ ಕೈ ಮತ್ತೆ ಅಂಗಳಕ್ಕಿಳಿಯುವುದು. ಚುಕ್ಕಿಗಳನ್ನೆಣಿಸಿ, ಎಳೆಯನ್ನು ಅವುಗಳ ಸುತ್ತಲೂ ಬಳಸಿ, ಹೊರಟಲ್ಲಿಗೇ ತಂದು ಸೇರಿಸುವ ಲೆಕ್ಕವು ಅಜ್ಜಿಯ ಬೆರಳಿನಿಂದ ಮೊಮ್ಮಗಳ ಬೆರಳಿಗೆ ಬಂದುದು. ಇರುವೆಯು ಅಕ್ಕಿಹಿಟ್ಟನ್ನು ಹೊತ್ತೊಯ್ದರೆ ಹೋದುದು ಒಂದು ದಿನದ ಚಿತ್ರ. ಬರೆಯುವ ವಿದ್ಯೆ ಹೋಗಲಿಲ್ಲ. ಅಂಟುಹಾಳೆಯಿರುವ ಮನೆಯಲ್ಲಿ ಚಿತ್ರವು ವರ್ಷವಿಡೀ ಇರುವುದು, ಮಗಳಿಗೆ ಮಾತ್ರ ಒಂದೆಳೆಯೂ ಬಾರದು.

ತುಳುನಾಡಿನ ನಾಗಮಂಡಲವು ಇದಕ್ಕೆ ಸಾಕ್ಷಿ. ಬಿಳಿಯ ಮಣ್ಣು, ಅರಿಸಿನ, ಅರಿಸಿನ ಸುಣ್ಣಗಳು ಕೂಡಿದ ಕೆಂಪು, ಎಲೆಯ ಹಸುರು, ಹುರಿದ ಉಮಿಯ ಕಪ್ಪು, ಈ ಐದು ಪುಡಿಗಳಿಂದ ವೈದ್ಯರೆಂಬ ಮನೆತನದವರು ನೆಲದ ಮೇಲೆ ನಾಗನ ಹೆಣಿಗೆಯನ್ನು ಬರೆಯುವರು. ನರ್ತನವು ಮುಗಿದ ಬಳಿಕ ಅದನ್ನು ಅಳಿಸುವರು. ಹಿಂದಿನ ಮಂಡಲಗಳೊಂದೂ ಉಳಿದಿಲ್ಲ. ಮಂಡಲವನ್ನು ಬರೆಯಬಲ್ಲವರು ಉಳಿದಿದ್ದಾರೆ.

ಇದು ಹಳೆಯ ಕಾಲದ ರೂಢಿಯೆಂದು ಕೆಲವರು ನಗಬಹುದು. ಅಂಥವರು ಲಂಡನ್ ನಗರದ ಸಂಗತಿಯನ್ನು ಕೇಳಲಿ. 2000ನೆಯ ಇಸವಿಯ ಜೂನ್ 21ರಂದು ಆಂಡಿ ಗೋಲ್ಡ್ಸ್‌ವರ್ದಿ ಎಂಬ ಶಿಲ್ಪಿಯು ಅಲ್ಲಿಯ ಬೀದಿಗಳಲ್ಲಿ 13 ದೊಡ್ಡ ಹಿಮದ ಉಂಡೆಗಳನ್ನಿರಿಸಿ ಕರಗಲು ಬಿಟ್ಟರು. ಹಿಮವು ಕರಗಿದಂತೆ ಒಳಗಿದ್ದ ಉಣ್ಣೆ, ಗರಿ, ಜವೆಯ ತೆನೆ ಮುಂತಾದುವು ಹೊರಬಂದವು. ಕರಗುವಿಕೆಯೇ ಆ ಕೃತಿಯ ಜೀವವಾಗಿತ್ತು. ಅದನ್ನು ಮೆಚ್ಚುವ ರಸಿಕರು ತಮ್ಮ ಹೊಸ್ತಿಲಿಗೆ ಅಂಟುಹಾಳೆಯನ್ನು ಮೆತ್ತುವುದು ಯಾವ ನ್ಯಾಯ?

ಗೃಹಿಣಿಗೆ ಬಿಡುವಿಲ್ಲವೆಂಬ ಆಕ್ಷೇಪವು ಸುಳ್ಳಲ್ಲ. ಆದರೆ ಹೊರೆಯೆಲ್ಲವೂ ಆಕೆಯ ಮೇಲೆಯೇ ಏಕಿರಬೇಕು? ನಾಗಮಂಡಲವನ್ನು ಬರೆಯುವವರು ಗಂಡಸರಷ್ಟೆ. ಮನೆಯ ಮಗನೂ ಐದು ಚುಕ್ಕಿಗಳನ್ನಿಡಲು ಕಲಿಯಲಿ. ಹೊಸ್ತಿಲಿನ ಅಗಲವೇ ಸಾಕು, ಒಂದು ಹಿಡಿ ಹಿಟ್ಟೇ ಸಾಕು. ಎಳೆ ಸೊಟ್ಟಗಾದರೆ ಚಿಂತೆಯಿಲ್ಲ. ಸಂಜೆಯೊಳಗೆ ಅದು ಅಳಿಯುವುದು, ನಾಳೆ ತಿದ್ದಿ ಬರೆಯಬಹುದು.