ಹೆಣ್ಣನ್ನು ಅರಿಯಲಾಗದೆಂಬುದು ಯಾರ ನೆಪ?

ಮೀನಿನ ಹೆಜ್ಜೆಯನ್ನಾದರೂ ಗುರುತಿಸಬಹುದು, ಹೆಣ್ಣಿನ ಮನಸ್ಸನ್ನು ಅರಿಯಲಾಗದು ಎಂಬ ಮಾತು ನಮ್ಮಲ್ಲಿ ವಿದ್ಯಾವಂತರ ಬಾಯಲ್ಲೂ ಓಡಾಡುತ್ತಿದೆ. ಮೇಲ್ನೋಟಕ್ಕೆ ಇದು ಹೊಗಳಿಕೆಯಂತೆ ತೋರುತ್ತದೆ. ವಸ್ತುತಃ ಇದೊಂದು ನೆಪ. ಅರಿಯಲು ಸಾಧ್ಯವೇ ಇಲ್ಲ ಎಂದ ಮೇಲೆ ಅರಿಯಲು ಯತ್ನಿಸಬೇಕಾದ ಹೊಣೆಯೂ ಇಲ್ಲವಲ್ಲ! ಒಂದೇ ಸೂರಿನಡಿ ಇಪ್ಪತ್ತು ವರ್ಷ ಬಾಳಿದ ಪತ್ನಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆಯೆಂದು ತಿಳಿಯದ ಗೃಹಸ್ಥನು, ತನ್ನ ವಾಹನದ ಎಂಜಿನ್ ಆಯಿಲ್ ಬದಲಿಸಿದ ದಿನಾಂಕವನ್ನು ತಪ್ಪದೆ ಹೇಳಬಲ್ಲ. ಇಲ್ಲಿ ನಿಗೂಢವಾದುದು ಏನಿದೆ?

ಸ್ತ್ರೀಯರ ಕುರಿತು ನಾವು ಅರಿತಿದ್ದೇವೆಂದು ಭಾವಿಸಿರುವ ಸಂಗತಿಗಳಲ್ಲಿ ಎಷ್ಟೋ ಪೊಳ್ಳು. ಹೆಣ್ಣು ದಿನಕ್ಕೆ 20,000 ಪದಗಳನ್ನಾಡಿದರೆ ಗಂಡು ಕೇವಲ 7,000 ಪದಗಳನ್ನಾಡುತ್ತಾನೆಂಬ ಲೆಕ್ಕವು ಪತ್ರಿಕೆಗಳ ಪುರವಣಿಗಳಲ್ಲಿ ಅದೆಷ್ಟು ಬಾರಿ ಅಚ್ಚಾಗಿದೆಯೋ! 2007ರಲ್ಲಿ ಅಮೆರಿಕ ಮತ್ತು ಮೆಕ್ಸಿಕೋದ ವಿದ್ಯಾರ್ಥಿಗಳ ಮಾತುಗಳನ್ನು ಧ್ವನಿಮುದ್ರಿಸಿ ಎಣಿಸಿದಾಗ ಇಬ್ಬರೂ ದಿನಕ್ಕೆ ಸುಮಾರು 16,000 ಪದಗಳನ್ನಾಡುವುದು ಕಂಡುಬಂತು. 2025ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಅಧ್ಯಯನವು 25ರಿಂದ 64ರ ವಯೋಮಾನದಲ್ಲಿ ಮಾತ್ರ ಸ್ತ್ರೀಯರು ಸುಮಾರು 3,000 ಪದಗಳನ್ನು ಹೆಚ್ಚು ಆಡುವುದನ್ನು ಗುರುತಿಸಿತು. ಆ ವಯಸ್ಸು ಮಕ್ಕಳನ್ನು ಸಾಕುವ ವಯಸ್ಸು ಎಂಬುದೇ ಇದಕ್ಕೆ ಕಾರಣವಾಗಿರಬಹುದೆಂದು ಸಂಶೋಧಕರು ಊಹಿಸಿದ್ದಾರೆ. ಮಗುವಿಗೆ ನುಡಿ ಕಲಿಸುವವಳನ್ನು ವಾಚಾಳಿಯೆಂದು ಗೇಲಿ ಮಾಡುವುದು ಯಾವ ನ್ಯಾಯ?

ಮೆದುಳಿನ ಕಥೆಯೂ ಹೀಗೆಯೇ. ಸರಾಸರಿಯಲ್ಲಿ ಸ್ತ್ರೀಯ ಮೆದುಳಿನ ತೂಕ ಕಡಿಮೆ ಎಂಬುದನ್ನೇ ಹಿಡಿದುಕೊಂಡು 19ನೇ ಶತಮಾನದ ಯುರೋಪಿನ ಪಂಡಿತರು ಆಕೆಯ ಬುದ್ಧಿಯೂ ಕಡಿಮೆಯೆಂದು ತೀರ್ಪಿತ್ತರು. ಫ್ರಾನ್ಸಿನ ಗುಸ್ತಾವ್ ಲೆ ಬಾನ್ 1879ರಲ್ಲಿ ಸ್ತ್ರೀಯರ ಮೆದುಳನ್ನು ಗೊರಿಲ್ಲಾದ ಮೆದುಳಿಗೆ ಹೋಲಿಸುವಷ್ಟು ಕೆಳಗಿಳಿದ. ತೂಕವೇ ಬುದ್ಧಿಯ ಅಳತೆಯಾಗಿದ್ದರೆ ಆನೆಯು ಮನುಷ್ಯನಿಗೆ ಪಾಠ ಹೇಳಬೇಕಿತ್ತು! 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಜಾನೆಟ್ ಹೈಡ್ ಅವರು ಸ್ತ್ರೀ-ಪುರುಷ ವ್ಯತ್ಯಾಸಗಳ ಕುರಿತ 46 ಸಮಗ್ರ ವಿಶ್ಲೇಷಣೆಗಳನ್ನು ಒಟ್ಟಾಗಿಸಿ ನೋಡಿದರು. ಅವುಗಳಲ್ಲಿ ಅಳೆಯಲಾದ ವ್ಯತ್ಯಾಸಗಳ ಪೈಕಿ ಶೇ. 78ರಷ್ಟು ತೀರಾ ಅಲ್ಪ ಅಥವಾ ಶೂನ್ಯಕ್ಕೆ ಸಮೀಪವಾಗಿದ್ದವು. ಗಣಿತ ಹೆಣ್ಣುಮಕ್ಕಳಿಗಲ್ಲ, ನಿರ್ಧಾರ ಕೈಗೊಳ್ಳುವುದು ಅವರಿಂದಾಗದು ಎನ್ನುವವರು ಇನ್ನು ಯಾವ ಆಧಾರವನ್ನು ಹುಡುಕುತ್ತಾರೆ?

ಹಾಗಾದರೆ ಸ್ತ್ರೀ-ಪುರುಷರ ನಡುವೆ ವ್ಯತ್ಯಾಸಗಳೇ ಇಲ್ಲವೇ? ಖಂಡಿತ ಇವೆ. ವಿಪರ್ಯಾಸವೆಂದರೆ, ಇಲ್ಲದ ವ್ಯತ್ಯಾಸಗಳನ್ನು ಮೆರೆಸುವ ಸಮಾಜವು ಇರುವ ವ್ಯತ್ಯಾಸಗಳನ್ನು ಕಡೆಗಣಿಸಿದೆ. ಈ ತಪ್ಪನ್ನು ಅನಕ್ಷರಸ್ಥರ ತಲೆಗೆ ಕಟ್ಟುವಂತೆಯೂ ಇಲ್ಲ. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಗರ್ಭ ಧರಿಸಬಲ್ಲ ವಯಸ್ಸಿನ ಸ್ತ್ರೀಯರನ್ನು ಔಷಧಗಳ ಆರಂಭಿಕ ಪ್ರಯೋಗಗಳಿಂದ ಹೊರಗಿಡುವಂತೆ ಸೂಚಿಸಿತು. ಈ ನೀತಿ ಬದಲಾಗಲು 1993ರವರೆಗೆ ಕಾಯಬೇಕಾಯಿತು. ಫಲವೇನಾಯಿತು? ಜೋಲ್ಪಿಡೆಮ್ ಎಂಬ ನಿದ್ರೆಯ ಮಾತ್ರೆ ಸ್ತ್ರೀಯರ ದೇಹದಿಂದ ನಿಧಾನವಾಗಿ ಹೊರಹೋಗುತ್ತದೆಂಬ ಕಾರಣಕ್ಕೆ ಅವರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿದ್ದು 2013ರಲ್ಲಿ. ಅಷ್ಟರಲ್ಲಿ ಆ ಔಷಧವು ಮಾರುಕಟ್ಟೆಗೆ ಬಂದು ಎರಡು ದಶಕಗಳು ಕಳೆದಿದ್ದವು.

ಹೃದಯಾಘಾತವನ್ನೇ ನೋಡಿ. ಎದೆ ನೋವು ಇಬ್ಬರಲ್ಲೂ ಮುಖ್ಯ ಲಕ್ಷಣ ನಿಜ. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಉಸಿರಾಟದ ತೊಂದರೆ, ವಾಕರಿಕೆ, ಬೆನ್ನು ಮತ್ತು ದವಡೆಯ ನೋವು, ವಿಪರೀತ ಸುಸ್ತು ಕಾಣಿಸಿಕೊಳ್ಳುವುದು ಸ್ತ್ರೀಯರಲ್ಲಿ ಹೆಚ್ಚು. ಮನೆಯ ಯಜಮಾನನು ಎದೆ ಹಿಡಿದುಕೊಂಡರೆ ಅರೆಕ್ಷಣದಲ್ಲಿ ವಾಹನ ಬಾಗಿಲಿಗೆ ಬರುತ್ತದೆ. ತಾಯಿ ಸುಸ್ತೆಂದರೆ ಗ್ಯಾಸ್ ಇರಬಹುದೆಂದು ಓಮದ ಕಷಾಯ ಕೊಟ್ಟು ಮಲಗಿಸಲಾಗುತ್ತದೆ! ಲೂಪಸ್ ಎಂಬ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯು ದೇಹದ ಮೇಲೆಯೇ ತಿರುಗಿ ಬೀಳುತ್ತದೆ. ಇದಕ್ಕೆ ತುತ್ತಾಗುವ ಹತ್ತರಲ್ಲಿ ಒಂಬತ್ತು ಮಂದಿ ಸ್ತ್ರೀಯರು. ಕೀಲು ನೋವು, ಆಯಾಸವೆಂದು ಅವರು ವರ್ಷಗಟ್ಟಲೆ ಹೇಳಿಕೊಂಡರೂ ಸೋಮಾರಿಯೆಂಬ ಬಿರುದೇ ಮೊದಲು ಸಿಗುತ್ತದೆ.

ಇನ್ನು ಹೆಣ್ಣು ಹೆತ್ತವಳ ಪಾಡು. ಮಗುವಿನ ಲಿಂಗವನ್ನು ವರ್ಣತಂತುಗಳು ನಿರ್ಧರಿಸುತ್ತವೆಂಬುದನ್ನು ನೆಟಿ ಸ್ಟೀವನ್ಸ್ ಎಂಬ ವಿಜ್ಞಾನಿ 1905ರಲ್ಲೇ ಒಂದು ಜಾತಿಯ ಕೀಟದ ಅಧ್ಯಯನದಿಂದ ತೋರಿಸಿದರು. ತಾಯಿಯಿಂದ ಬರುವುದು ಎಕ್ಸ್ ಮಾತ್ರ. ಎಕ್ಸ್ ಅಥವಾ ವೈ ಬರುವುದು ತಂದೆಯಿಂದ. ನೂರಿಪ್ಪತ್ತು ವರ್ಷ ಹಳೆಯದಾದ ಈ ಜ್ಞಾನವು ನಮ್ಮ ಹಜಾರವನ್ನು ಇನ್ನೂ ದಾಟಿಲ್ಲ. ಮೂರನೆಯದೂ ಹೆಣ್ಣಾದಾಗ ಮುಖ ಕಪ್ಪಿಡುವುದು ಗಂಡನ ಮನೆಯವರದು, ತಲೆ ತಗ್ಗಿಸುವುದು ಸೊಸೆ! ಹೆಣ್ಣು ಹುಟ್ಟಿದ ಸುದ್ದಿಗೆ ಮುಖ ಕಪ್ಪಿಡುವವರನ್ನು ಪವಿತ್ರ ಕುರ್‌ಆನ್ ಖಂಡಿಸಿದ್ದನ್ನು ಓದುವ ಸಮುದಾಯವೇ ಈ ಅಪಚಾರವನ್ನು ಸಹಿಸಿಕೊಳ್ಳಬೇಕೇ?

ಅಷ್ಟಾಗಿ ತಿಳಿಯದ ಇನ್ನೊಂದು ಸಂಗತಿಯಿದೆ. ಹೆಣ್ಣುಮಗುವಿನ ಅಂಡಾಣುಗಳು ರೂಪುಗೊಳ್ಳುವುದು ಅದು ತಾಯಿಯ ಗರ್ಭದಲ್ಲಿರುವಾಗಲೇ. ಅಂದರೆ ನೀವು ಯಾವ ಅಂಡಾಣುವಿನಿಂದ ಹುಟ್ಟಿದಿರೋ ಅದು ನಿಮ್ಮ ಅಜ್ಜಿಯ ಒಡಲಲ್ಲಿ ರೂಪುಗೊಂಡಿತ್ತು. ಗರ್ಭಿಣಿಯ ತಟ್ಟೆಗೆ ಬೀಳುವ ಅನ್ನವು ಒಂದು ತಲೆಮಾರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಆದರೆ ಆ ತಟ್ಟೆಯ ಸ್ಥಿತಿ ಹೇಗಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕಾದರೆ, ಮಾಸಿಕ ರಕ್ತಸ್ರಾವವಿರುವ ಸ್ತ್ರೀಗೆ 29 ಮಿಲಿಗ್ರಾಂ ಬೇಕು. ಹೆಚ್ಚು ಬೇಕಾದವಳು ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದ ಸಾರಿನಲ್ಲಿ ಊಟ ಮುಗಿಸುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಸ್ತ್ರೀಯರ ಪೈಕಿ ಶೇ. 57 ಮಂದಿ ರಕ್ತಹೀನರಾಗಿದ್ದರು. ಪುರುಷರಲ್ಲಿ ಇದು ಶೇ. 25. ಕರ್ನಾಟಕದ ಸ್ತ್ರೀಯರಲ್ಲಿ ಶೇ. 47.8. ಹೆಣ್ಣು ಹುಟ್ಟಾ ಅಬಲೆಯೆಂದು ವಾದಿಸುವವರು ಮೊದಲು ಈ ಅಂಕಿಗಳಿಗೆ ಉತ್ತರಿಸಲಿ. ಈ ಬಲಹೀನತೆಯಲ್ಲಿ ಪ್ರಕೃತಿಯ ಪಾಲೆಷ್ಟು, ಅಡುಗೆಮನೆಯ ಪಂಕ್ತಿಭೇದದ ಪಾಲೆಷ್ಟು?

ಮನಸ್ಸಿನ ವಿಚಾರಕ್ಕೆ ಬಂದರೆ ನಮ್ಮ ಕ್ರೌರ್ಯ ಇನ್ನೂ ದೊಡ್ಡದು. ಹೆರಿಗೆಯ ಬೆನ್ನಿಗೆ ದೇಹದ ಹಾರ್ಮೋನುಗಳ ಮಟ್ಟ ಥಟ್ಟನೆ ಕುಸಿಯುತ್ತದೆ. ನಿದ್ದೆಯಿಲ್ಲ, ನೋವಿದೆ, ಹೊಸ ಹೊಣೆಯಿದೆ. ಭಾರತದಲ್ಲಿ ನಡೆದ ಅಧ್ಯಯನಗಳನ್ನು ಕ್ರೋಡೀಕರಿಸಿದ ಒಂದು ವರದಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಂತೆ ಬಾಣಂತಿಯರಲ್ಲಿ ಸುಮಾರು ಶೇ. 22 ಮಂದಿ ಖಿನ್ನತೆಗೆ ಒಳಗಾಗುತ್ತಾರೆ. ಇದಕ್ಕೆ ಚಿಕಿತ್ಸೆಯಿದೆ. ಆದರೆ ಸದಾ ಅಳುವ, ಮಗುವಿನ ಕಡೆಗೆ ನೋಡದ ಬಾಣಂತಿಯನ್ನು ಕರೆದೊಯ್ಯುವುದು ಎಲ್ಲಿಗೆ? ಜಿನ್ನ್ ಬಾಧೆಯೆಂದು ತಾಯತ ಕಟ್ಟುವವನ ಬಳಿಗೆ! ವೈದ್ಯರಲ್ಲಿಗೆ ಹೋಗುವಷ್ಟರಲ್ಲಿ ಕೆಲವೊಮ್ಮೆ ತಾಯಿ-ಮಗುವಿನ ಪ್ರಾಣಕ್ಕೇ ಕುತ್ತು ಬಂದಿರುತ್ತದೆ.

ಇಂತಹ ವಿಚಾರಗಳನ್ನು ಬಹಿರಂಗವಾಗಿ ಚರ್ಚಿಸುವುದು ಲಜ್ಜೆಗೇಡಿತನವೆಂದು ಆಕ್ಷೇಪಿಸುವವರಿದ್ದಾರೆ. ಮದೀನಾದ ಅನ್ಸಾರ್ ಸ್ತ್ರೀಯರು ಮುಟ್ಟಿನ ಶುದ್ಧಿಯ ಕುರಿತು ಪ್ರವಾದಿಯವರಲ್ಲಿಯೇ (ಸ) ಪ್ರಶ್ನಿಸಿದ್ದರು. ಅರಿವಿನ ಮುಂದೆ ಲಜ್ಜೆಯು ಅವರಿಗೆ ಅಡ್ಡಿಯಾಗಲಿಲ್ಲವೆಂದು ಹಝ್ರತ್ ಆಯಿಶಾ(ರ) ಅವರನ್ನು ಪ್ರಶಂಸಿಸಿದ್ದಾರೆ. ಲಜ್ಜೆಯ ಹೆಸರಿನಲ್ಲಿ ರೋಗವನ್ನು ಮುಚ್ಚಿಡುವುದನ್ನು ಯಾವ ಧರ್ಮವೂ ಕಲಿಸಿಲ್ಲ.

ಸ್ತ್ರೀಗೆ ಸಹನೆ ಸಹಜ ಗುಣ, ಮನೆಗೆಲಸ ಆಕೆಗೆ ಭಾರವಲ್ಲ ಎಂಬುದು ಕೊನೆಯ ವಾದ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಚ್ಚುವ ಸ್ತ್ರೀಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ವ್ಯಯಿಸುತ್ತಾರೆ. ಅಂತಹ ಪುರುಷರು 88 ನಿಮಿಷಗಳನ್ನು. ಮೂರು ಪಟ್ಟಿಗೂ ಮೀರಿದ ಈ ಅಂತರವನ್ನು ಯಾವ ವರ್ಣತಂತುವೂ ಬರೆದಿಲ್ಲ. ಅದನ್ನು ಬರೆದವರು ನಾವು. ಅಳಿಸಬೇಕಾದವರೂ ನಾವೇ.

ಆದ್ದರಿಂದ ಪ್ರತಿಯೊಂದು ಕುಟುಂಬವು ಈ ತಿಂಗಳೇ ಮನೆಯ ಸ್ತ್ರೀಯರ ರಕ್ತ ಪರೀಕ್ಷೆ ಮಾಡಿಸಲಿ. ಹೆಣ್ಣುಮಕ್ಕಳು ಗಂಡುಮಕ್ಕಳೊಂದಿಗೆ ಅದೇ ಪಂಕ್ತಿಯಲ್ಲಿ, ಅದೇ ಹೊತ್ತಿಗೆ ಉಣ್ಣಲಿ. ಜಮಾಅತ್‌ಗಳು ಮದುವೆಯ ನೋಂದಣಿಯ ಜೊತೆಗೆ ವಧೂವರರಿಗೆ ವೈದ್ಯರಿಂದ ಒಂದು ಗಂಟೆಯ ಮಾಹಿತಿಯನ್ನೂ ಕೊಡಿಸಲಿ. ಬಾಣಂತಿಯ ಕಣ್ಣೀರು ನಿಲ್ಲದಿದ್ದರೆ ಮೊದಲ ಹೆಜ್ಜೆ ಆಸ್ಪತ್ರೆಯತ್ತ ಇರಲಿ. ಹೆಣ್ಣನ್ನು ಅರಿಯಲಾಗದೆಂಬ ಗಾದೆಯನ್ನು ಒಪ್ಪುವ ಮುನ್ನ ನಾವು ಆಕೆಯನ್ನು ಒಮ್ಮೆಯಾದರೂ ಕೇಳಿದ್ದೇವೆಯೇ ಎಂದು ಆಲೋಚಿಸೋಣ.